ಲೆಕ್ಕಕ್ಕೆ ಸಿಗದ ಗಂಟೆಗಳು: ಸರ್ಕಾರಿ ಆಸ್ಪತ್ರೆಯ ಕಿರಿಯ ವೈದ್ಯರ ದುಡಿಮೆ ಮತ್ತು ಶಿಷ್ಯವೇತನ

ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್, ಬಳ್ಳಾರಿಯ ವಿಮ್ಸ್, ಇವುಗಳಲ್ಲಿ ಯಾವುದಕ್ಕಾದರೂ ನಡುರಾತ್ರಿ ಹೋಗಿ ನೋಡಿ. ಕ್ಯಾಶುವಾಲಿಟಿಯಲ್ಲಿ ರೋಗಿಯ ಬಿ.ಪಿ. ನೋಡಿ ರಕ್ತ ತೆಗೆಯುತ್ತಿರುವವರು ಹೌಸ್ ಸರ್ಜನ್. ವಾರ್ಡಿನಲ್ಲಿ ಕೇಸ್ ಶೀಟ್ ಬರೆಯುತ್ತ, ಹಾಸಿಗೆಯಿಂದ ಹಾಸಿಗೆಗೆ ಓಡುತ್ತ, ತೀರಿಕೊಂಡವರ ಮನೆಯವರಿಗೆ ಸುದ್ದಿ ಹೇಳುತ್ತಿರುವವರು ಮೊದಲ ವರ್ಷದ ಪಿ.ಜಿ. ಲೇಬರ್ ರೂಮಿನಲ್ಲಿ ಸಿಸೇರಿಯನ್‌ಗೆ ಸಿದ್ಧತೆ ಮಾಡಿಸುತ್ತಿರುವವರು ಮೂರನೇ ವರ್ಷದ ಪಿ.ಜಿ. ಇಲ್ಲವೇ ಸೀನಿಯರ್ ರೆಸಿಡೆಂಟ್. ಪ್ರಾಧ್ಯಾಪಕರು ಹೆಚ್ಚಾಗಿ ಫೋನಿನಲ್ಲಿ ಸಿಗುತ್ತಾರೆ, ಬೆಳಿಗ್ಗೆ ರೌಂಡ್ಸಿಗೆ ಬರುತ್ತಾರೆ. ನಾಡಿನ ಬಡವರು ನೆಚ್ಚಿಕೊಂಡಿರುವ ದೊಡ್ಡಾಸ್ಪತ್ರೆಗಳ ರಾತ್ರಿಯನ್ನೆಲ್ಲ ಹೊತ್ತವರು ಮೂವತ್ತು ದಾಟದ ಈ ಯುವಕ ಯುವತಿಯರು.

ಅವರಿಗೆ ಕೊಡುವ ಹಣ ಸಾಕೇ, ಅವರು ದುಡಿಯುವ ಹೊತ್ತಿಗೆ ಮಿತಿಯಿದೆಯೇ, ಮಲಗಲು ಕೋಣೆಯಿದೆಯೇ, ಮೈಮೇಲೆ ಕೈ ಬಿದ್ದರೆ ರಕ್ಷಣೆಯಿದೆಯೇ ಎಂಬ ಪ್ರಶ್ನೆಗಳು ಮುಷ್ಕರ ನಡೆದಾಗ ಪತ್ರಿಕೆಗಳಲ್ಲಿ ಕಾಣಿಸಿಕೊಂಡು, ಮುಷ್ಕರ ಮುಗಿದೊಡನೆ ಮರೆಯಾಗುತ್ತವೆ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ, ಆದೇಶಗಳಿಗೂ ಬರವಿಲ್ಲ. ಈ ವೈದ್ಯರು ಎಷ್ಟು ಗಂಟೆ ದುಡಿದರು ಎಂದು ಬರೆದಿಡುವ ಪುಸ್ತಕ ಮಾತ್ರ ಇಲ್ಲ. ಲೆಕ್ಕವೇ ಇಲ್ಲದ ದುಡಿಮೆಗೆ ಮಿತಿ ಹಾಕಲಾಗದು, ನ್ಯಾಯವಾದ ಬೆಲೆ ಕಟ್ಟಲೂ ಆಗದು.

ವಿದ್ಯಾರ್ಥಿಯೂ ಹೌದು, ವೈದ್ಯನೂ ಹೌದು

ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್. ಓದು ಮುಗಿದ ಮೇಲೆ 12 ತಿಂಗಳ ಕಡ್ಡಾಯ ಇಂಟರ್ನ್‌ಶಿಪ್ ಇರುತ್ತದೆ. ಇವರೇ ಹೌಸ್ ಸರ್ಜನ್‌ಗಳು. ಅದಾದ ಮೇಲೆ ನೀಟ್ ಪಿ.ಜಿ. ಬರೆದು ಎಂ.ಡಿ. ಅಥವಾ ಎಂ.ಎಸ್.ಗೆ ಸೇರಿದವರು ಮೂರು ವರ್ಷ ಜೂನಿಯರ್ ರೆಸಿಡೆಂಟ್ ಆಗಿರುತ್ತಾರೆ. ಇವರನ್ನೇ ಆಸ್ಪತ್ರೆಯಲ್ಲಿ ಎಲ್ಲರೂ ‘ಪಿ.ಜಿ.ಗಳು’ ಎನ್ನುವುದು. ಆ ಪದವಿಯೂ ಮುಗಿದ ಮೇಲೆ ಬೋಧಕರಾಗಬೇಕೆನ್ನುವವರು ಸೀನಿಯರ್ ರೆಸಿಡೆಂಟ್ ಆಗುತ್ತಾರೆ. ಕರ್ನಾಟಕದಲ್ಲಿ ಇದರ ಜತೆಗೆ 2012ರ ಕಡ್ಡಾಯ ಸೇವಾ ತರಬೇತಿ ಕಾಯ್ದೆಯೂ ಇದೆ. ಪದವಿ ಪಡೆದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬುದು ಅದರ ಮೂಲ ಆಶಯ. ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ಈ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಖಾಲಿ ಹುದ್ದೆ ಇದ್ದಷ್ಟು ಮಂದಿಯನ್ನು ಮಾತ್ರ ನಿಯೋಜಿಸುವ ದಾರಿ ತೆರೆಯಿತು.

ಹೀಗೆ ಹದಿನೆಂಟರಲ್ಲಿ ಕಾಲೇಜು ಸೇರಿದವರು ಇಪ್ಪತ್ತೆಂಟು, ಮೂವತ್ತರವರೆಗೂ ‘ತರಬೇತಿ’ಯಲ್ಲೇ ಇರುತ್ತಾರೆ. ಡ್ಯೂಟಿ ಹಾಕುವಾಗ ಆಸ್ಪತ್ರೆ ಅವರನ್ನು ಪೂರ್ಣ ವೈದ್ಯರೆಂದು ಲೆಕ್ಕ ಹಿಡಿಯುತ್ತದೆ. ಸಂಬಳ, ರಜೆ, ಭವಿಷ್ಯನಿಧಿಯ ಮಾತು ಬಂದಾಗ ವಿದ್ಯಾರ್ಥಿಗಳೆಂದು ಬದಿಗಿಡುತ್ತದೆ. ಕಾರ್ಖಾನೆ ಕಾಯ್ದೆ 1948ರಲ್ಲೇ ವಯಸ್ಕ ಕಾರ್ಮಿಕನ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ನಿಲ್ಲಿಸಿತು, ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕೆಂದಿತು. ಯಂತ್ರದ ಮುಂದೆ ನಿಂತ ಕಾರ್ಮಿಕನ ದಣಿವು ಅಪಾಯಕಾರಿ ಎಂದು ಒಪ್ಪಿಕೊಂಡ ದೇಶ, ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಯಂತ್ರದ ಮುಂದೆ ನಿಂತವರ ದಣಿವಿನ ಬಗ್ಗೆ ಅಂಥ ಕಾಯ್ದೆಯನ್ನು ಇದುವರೆಗೆ ತಂದಿಲ್ಲ.

ಶಿಷ್ಯವೇತನದ ಲೆಕ್ಕ

ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ 2020ರವರೆಗೆ ಹೌಸ್ ಸರ್ಜನ್‌ಗೆ ತಿಂಗಳಿಗೆ 20,000 ರೂಪಾಯಿ, ಪಿ.ಜಿ.ಗಳಿಗೆ ವರ್ಷದ ಪ್ರಕಾರ 30,000, 35,000 ಮತ್ತು 40,000 ರೂಪಾಯಿ ಸಿಗುತ್ತಿತ್ತು. ಕೊರೊನಾ ಬಂದು ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದ ಆ ವರ್ಷ ಸರ್ಕಾರ ಅದನ್ನು ಹೌಸ್ ಸರ್ಜನ್‌ಗೆ 30,000ಕ್ಕೂ, ಪಿ.ಜಿ.ಗಳಿಗೆ 45,000, 50,000 ಮತ್ತು 55,000ಕ್ಕೂ ಏರಿಸಿತು. ಏರಿಕೆ ದೊಡ್ಡದೇ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದರ ಹಿಂದಿನ ಕ್ರಮವನ್ನು ಗಮನಿಸಬೇಕು. ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಶಿಷ್ಯವೇತನಕ್ಕೆ ಅಂಥ ಏರ್ಪಾಡಿಲ್ಲ. ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಮನವಿ, ಧರಣಿ, ಒಪಿಡಿ ಬಹಿಷ್ಕಾರ ಎಂಬ ಮೆಟ್ಟಿಲುಗಳನ್ನು ಹತ್ತಿದ ಮೇಲೆ ಒಮ್ಮೆಲೇ ಜಿಗಿಯುತ್ತದೆ. 2021ರ ಕೊನೆಯಲ್ಲಿ ಕರ್ನಾಟಕ ನಿವಾಸಿ ವೈದ್ಯರ ಸಂಘ ಒಪಿಡಿ ಬಹಿಷ್ಕರಿಸಿದ್ದು ಬಾಕಿ ಉಳಿದಿದ್ದ ಕೋವಿಡ್ ಭತ್ಯೆಗಾಗಿ ಮತ್ತು ಶುಲ್ಕ ಇಳಿಕೆಗಾಗಿ. 2024ರ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದದ್ದು ಶಿಷ್ಯವೇತನ ಪರಿಷ್ಕರಣೆಗಾಗಿ, ಆ ಬಳಿಕವೇ ಸರ್ಕಾರ ಹೆಚ್ಚಳಕ್ಕೆ ಒಪ್ಪಿತು. ಬೆಲೆಯೇರಿಕೆಯನ್ನು ನೆನಪಿಸಲು ವೈದ್ಯರು ಪ್ರತಿ ಸಲವೂ ರೋಗಿಗಳನ್ನು ಬಿಟ್ಟು ಹೊರಬರಬೇಕಾದ ಸ್ಥಿತಿಗೆ ಆಡಳಿತವೇ ಹೊಣೆ.

ತಿಂಗಳ ಮೊತ್ತವನ್ನು ಗಂಟೆಗೆ ಇಳಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 2020ರ ದರದಂತೆ 30,000 ರೂಪಾಯಿಯ ಹೌಸ್ ಸರ್ಜನ್ ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 25 ದಿನ ದುಡಿದರೆ ಗಂಟೆಗೆ 100 ರೂಪಾಯಿ. 45,000ದ ಮೊದಲ ವರ್ಷದ ಪಿ.ಜಿ. ವಾರಕ್ಕೆ 80 ಗಂಟೆ ದುಡಿದರೆ ಗಂಟೆಗೆ ಹೆಚ್ಚೂಕಡಿಮೆ 130 ರೂಪಾಯಿ. ರಾತ್ರಿ ಪಾಳಿಗೆ ಹೆಚ್ಚುವರಿ ಇಲ್ಲ, ಭವಿಷ್ಯನಿಧಿ ಇಲ್ಲ, ನಿವೃತ್ತಿಗೆ ಸೇರುವ ಸೇವಾವಧಿ ಇಲ್ಲ. ಇದೇ ಕೆಲಸವನ್ನು ಏಮ್ಸ್‌ನಂಥ ಕೇಂದ್ರ ಸಂಸ್ಥೆಯಲ್ಲಿ ಮಾಡುವ ಜೂನಿಯರ್ ರೆಸಿಡೆಂಟ್‌ಗೆ ಏಳನೇ ವೇತನ ಆಯೋಗದ ಪ್ರಕಾರ 56,100 ರೂಪಾಯಿ ಮೂಲವೇತನವಿದೆ. ಖಾಸಗಿ ವೃತ್ತಿ ಮಾಡದ್ದಕ್ಕೆ ಕೊಡುವ ಭತ್ಯೆ ಮತ್ತು ತುಟ್ಟಿಭತ್ಯೆ ಸೇರಿದರೆ 2024ರಲ್ಲಿ ಅದು ಒಂದು ಲಕ್ಷ ದಾಟುತ್ತಿತ್ತು. ಅಲ್ಲಿನವರ ಸಂಬಳ ಬೆಲೆಯೇರಿಕೆಯ ಜತೆ ತಾನಾಗಿಯೇ ಏರುತ್ತದೆ, ಇಲ್ಲಿನವರದು ಮುಷ್ಕರದ ಜತೆ ಏರುತ್ತದೆ.

ಕರ್ನಾಟಕಕ್ಕಿಂತ ಹಿಂದುಳಿದ ರಾಜ್ಯಗಳೂ ಇವೆ. ಉತ್ತರ ಪ್ರದೇಶದಲ್ಲಿ 2021ರವರೆಗೂ ಇಂಟರ್ನ್‌ಗೆ ಸಿಗುತ್ತಿದ್ದದ್ದು 7,500 ರೂಪಾಯಿ, ಆಮೇಲೆ 12,000 ಆಯಿತು. ದೆಹಲಿಯ ಆರ್ಮಿ ವೈದ್ಯಕೀಯ ಕಾಲೇಜಿನ ಇಂಟರ್ನ್‌ಗಳು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2023ರಲ್ಲಿ ತಿಂಗಳಿಗೆ 25,000 ಕೊಡಬೇಕೆಂಬ ಆದೇಶ ಬಂತು. ನಮ್ಮ ದಾವಣಗೆರೆಯಲ್ಲಿ 2020ರ ಜುಲೈನಲ್ಲಿ ಖಾಸಗಿ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದಡಿ ಓದಿ, ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಹೌಸ್ ಸರ್ಜನ್‌ಗಳೂ ಪಿ.ಜಿ.ಗಳೂ 16 ತಿಂಗಳ ಬಾಕಿ ಶಿಷ್ಯವೇತನಕ್ಕಾಗಿ ವಾರಗಟ್ಟಲೆ ಧರಣಿ ಕೂತರು. ಕೊಡಬೇಕಾದವರು ಸರ್ಕಾರವೋ ಕಾಲೇಜೋ ಎಂಬ ಜಗಳದಲ್ಲಿ, ಸಾಂಕ್ರಾಮಿಕದ ನಡುವೆ ವಾರ್ಡಿನಲ್ಲಿ ನಿಂತವರ ಕೈ ಬರಿದಾಗಿತ್ತು. ಮೊತ್ತ ಕಡಿಮೆಯಾದರೆ ಕಷ್ಟ. ತಿಂಗಳಿಗೆ ಸರಿಯಾಗಿ ಬರದೇ ಹೋದರೆ ಅದಕ್ಕಿಂತ ಕಷ್ಟ, ಏಕೆಂದರೆ ಇವರಲ್ಲಿ ಹಲವರು ಶಿಕ್ಷಣ ಸಾಲದ ಕಂತು ಕಟ್ಟುವವರು, ಮನೆಗೆ ಹಣ ಕಳಿಸುವವರು, ಮದುವೆಯಾಗಿ ಮಕ್ಕಳಿರುವವರು.

ಮೂರು ದಶಕಕ್ಕೂ ಹಳೆಯ ಮಾತು

ದುಡಿಮೆಯ ಹೊತ್ತಿನ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್ 5ರಂದೇ ನಿರ್ದೇಶನ ಕೊಟ್ಟಿತ್ತು. ನಿವಾಸಿ ವೈದ್ಯರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ಜೂನಿಯರ್ ರೆಸಿಡೆಂಟ್ ವಾರಕ್ಕೆ 48 ಗಂಟೆ ದುಡಿಯಬೇಕು, ಸರದಿಯಂತೆ ವಾರದ ರಜೆ ಸಿಗಬೇಕು ಎಂದು ಅದರಲ್ಲಿದೆ. ಜತೆಗೇ ‘ತುರ್ತಿಗೆ ತಕ್ಕಂತೆ ಸಡಿಲಿಸಬಹುದು’ ಎಂಬರ್ಥದ ಸಾಲೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ತುರ್ತಿಲ್ಲದ ದಿನವೇ ಇಲ್ಲವಾದ್ದರಿಂದ ಆ ಒಂದು ಸಾಲು ಉಳಿದೆಲ್ಲವನ್ನೂ ನುಂಗಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಗಂಟೆಯ ಸಂಖ್ಯೆಯೇ ಇಲ್ಲ. ಅಲ್ಲಿರುವುದು ‘ಸಮಂಜಸವಾದ ಕೆಲಸದ ಹೊತ್ತು’, ‘ಸಮಂಜಸವಾದ ವಿಶ್ರಾಂತಿ’ ಎಂಬ ಮಾತು, ವರ್ಷಕ್ಕೆ 20 ದಿನದ ಸಾಂದರ್ಭಿಕ ರಜೆ ಮತ್ತು ವಾರಕ್ಕೊಂದು ದಿನದ ಬಿಡುವು. 2024ರಲ್ಲಿ ಅದೇ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಂತೆ ನೋಡಿಕೊಳ್ಳಬೇಕೆಂದು ಶಿಫಾರಸು ಮಾಡಿತು. 1992ರಲ್ಲಿ 48 ಇದ್ದದ್ದು 2024ರಲ್ಲಿ 74ಕ್ಕೆ ಏರಿದೆ. ಆ 74 ಕೂಡ ಇಂದು ಅನೇಕ ವಿಭಾಗಗಳ ಪಿ.ಜಿ.ಗಳಿಗೆ ಕನಸಿನಂತೆ ಕೇಳಿಸುತ್ತದೆ.

ವಾಸ್ತವ ಹೇಗಿರುತ್ತದೆಂದರೆ, ಜನರಲ್ ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗಗಳಲ್ಲಿ ಯೂನಿಟ್‌ನ ಅಡ್ಮಿಷನ್ ದಿನ ಬೆಳಿಗ್ಗೆ ಎಂಟಕ್ಕೆ ಬಂದ ಪಿ.ಜಿ. ಹಗಲು ಒಪಿಡಿ ನೋಡಿ, ರಾತ್ರಿ ಕ್ಯಾಶುವಾಲಿಟಿ ಕಾದು, ಮರುದಿನ ಬೆಳಿಗ್ಗೆ ರೌಂಡ್ಸಿನಲ್ಲಿ ಹೊಸ ರೋಗಿಗಳ ವಿವರ ಒಪ್ಪಿಸಿ, ಮಧ್ಯಾಹ್ನದವರೆಗೆ ಅವರ ಸ್ಕ್ಯಾನು, ರಕ್ತಪರೀಕ್ಷೆಗಳ ಹಿಂದೆ ಓಡಿ ಸಂಜೆಗೆ ಹಾಸ್ಟೆಲ್ ಸೇರುತ್ತಾರೆ. 30ರಿಂದ 36 ಗಂಟೆ ಹೀಗೆ ಕಳೆಯುತ್ತದೆ. ಆ ಹೊತ್ತಿನ ದೊಡ್ಡ ಪಾಲು ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಹೋಗುತ್ತದೆ. ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯುವುದು, ಸ್ಟ್ರೆಚರ್ ತಳ್ಳುವುದು, ಬ್ಲಡ್ ಬ್ಯಾಂಕಿಗೆ ಅಲೆಯುವುದು, ಆರೋಗ್ಯ ವಿಮೆ ಯೋಜನೆಯ ಅರ್ಜಿಗಳನ್ನು ತುಂಬುವುದು, ಇವೆಲ್ಲ ಹೌಸ್ ಸರ್ಜನ್ನರ ಪಾಲು. ನರ್ಸ್, ಅಟೆಂಡರ್, ಡಿ ಗ್ರೂಪ್ ಹುದ್ದೆಗಳು ಖಾಲಿ ಬಿದ್ದಷ್ಟೂ ಅವರ ಕೆಲಸ ಕಿರಿಯ ವೈದ್ಯರ ಮೇಲೆ ಜಾರುತ್ತದೆ. ಹಾಗಾಗಿ ಡ್ಯೂಟಿ ಹೊತ್ತಿನ ಪ್ರಶ್ನೆಯನ್ನು ನೇಮಕಾತಿಯ ಪ್ರಶ್ನೆಯಿಂದ ಬೇರೆ ಮಾಡಿ ನೋಡಲಾಗದು.

ಒಂದು ಬ್ಯಾಚ್ ತಡವಾದರೆ ಏನಾಗುತ್ತದೆ ಎಂಬುದನ್ನು 2021 ತೋರಿಸಿತು. ಜನವರಿಯಲ್ಲಿ ಆಗಬೇಕಿದ್ದ ನೀಟ್ ಪಿ.ಜಿ. ಮುಂದಕ್ಕೆ ಹೋಗಿ ಸೆಪ್ಟೆಂಬರ್ 11ಕ್ಕೆ ನಡೆಯಿತು. ಮೀಸಲಾತಿಯ ವ್ಯಾಜ್ಯದಿಂದ ಕೌನ್ಸೆಲಿಂಗ್ ಶುರುವಾಗುವಷ್ಟರಲ್ಲಿ 2022ರ ಜನವರಿ ಬಂದಿತ್ತು. ಮೊದಲ ವರ್ಷದವರು ಬರಲೇ ಇಲ್ಲ, ಮೂರು ಬ್ಯಾಚಿನ ಕೆಲಸವನ್ನು ಎರಡು ಬ್ಯಾಚು ಹೊತ್ತಿತು, ದೇಶದುದ್ದಕ್ಕೂ ಪ್ರತಿಭಟನೆ ನಡೆಯಿತು. ಪರೀಕ್ಷೆಯ ವೇಳಾಪಟ್ಟಿ ತಪ್ಪಿದರೆ ಆಸ್ಪತ್ರೆಯೇ ಕುಂಟುತ್ತದೆಯೆಂದರೆ ಆ ಆಸ್ಪತ್ರೆ ಕಾಯಂ ಸಿಬ್ಬಂದಿಗಿಂತ ‘ವಿದ್ಯಾರ್ಥಿ’ಗಳ ಮೇಲೆ ನಿಂತಿದೆ ಎಂದೇ ಅರ್ಥ.

ದಣಿವಿನ ಬೆಲೆ ತೆರುವವರು

ನಿದ್ದೆಗೆಟ್ಟ ವೈದ್ಯರಿಂದ ನಷ್ಟವಾಗುವುದು ಅವರಿಗೆ ಮಾತ್ರವಲ್ಲ. 17 ಗಂಟೆ ಎಚ್ಚರವಿದ್ದವರ ಕೈಚಳಕ ಮತ್ತು ಗಮನ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. 24 ಗಂಟೆಯಾದರೆ ಅದು ಶೇ 0.10ರ ಸುಮಾರಿಗೆ ಹೋಗುತ್ತದೆ. ಅಷ್ಟು ಕುಡಿದವರಿಗೆ ನಾವು ಕಾರು ಓಡಿಸಲು ಬಿಡುವುದಿಲ್ಲ. 2004ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಡೆದ ಅಧ್ಯಯನದಲ್ಲಿ, ಹಳೆಯ ಕ್ರಮದ ದೀರ್ಘ ಪಾಳಿಯ ಇಂಟರ್ನ್‌ಗಳು ಪಾಳಿ ಕಡಿಮೆ ಮಾಡಿದವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದು ಕಂಡುಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು.

ಮನಸ್ಸಿನ ಮೇಲಿನ ಹೊರೆ ಇನ್ನೂ ಕಠೋರ. ವೈದ್ಯಕೀಯ ಆಯೋಗದ ಕಾರ್ಯಪಡೆಯ ಸಮೀಕ್ಷೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಪಿ.ಜಿ.ಗಳು ಪಾಲ್ಗೊಂಡಿದ್ದರು. ಅವರಲ್ಲಿ ಸುಮಾರು ಶೇ 15ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದರು, ಶೇ 31ರಷ್ಟು ಮಂದಿ ಸಾವಿನ ಯೋಚನೆ ಬಂದದ್ದನ್ನು ಒಪ್ಪಿಕೊಂಡರು. ಮಾಹಿತಿ ಹಕ್ಕಿನಡಿ ಆಯೋಗ ಕೊಟ್ಟ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ, ಅವರಲ್ಲಿ 58 ಮಂದಿ ಪಿ.ಜಿ.ಗಳು. ಪ್ರಬಂಧಕ್ಕೆ ಸಹಿ ಹಾಕುವವರು, ಪರೀಕ್ಷೆಯಲ್ಲಿ ಅಂಕ ಕೊಡುವವರು, ಡ್ಯೂಟಿ ಪಟ್ಟಿ ಬರೆಯುವವರು ಎಲ್ಲರೂ ಒಂದೇ ವಿಭಾಗದ ಹಿರಿಯರಾಗಿರುವ ಕಡೆ ಬಾಯಿಬಿಟ್ಟು ದೂರುವ ಧೈರ್ಯ ಯಾರಿಗಿದೆ? ಜಾತಿಯ ಗಾಯವೂ ಇದರೊಳಗೆ ಸೇರಿಕೊಳ್ಳುತ್ತದೆ. 2019ರಲ್ಲಿ ಮುಂಬೈಯ ಪಾಲಿಕೆ ಆಸ್ಪತ್ರೆಯೊಂದರಲ್ಲಿ ಆದಿವಾಸಿ ಸಮುದಾಯದ ಪಿ.ಜಿ. ವೈದ್ಯೆಯೊಬ್ಬರು ಜೀವ ಕಳೆದುಕೊಂಡಾಗ, ಹಿರಿಯ ಸಹಪಾಠಿಗಳ ಜಾತಿನಿಂದನೆ ಮತ್ತು ಕೆಲಸದ ಕಿರುಕುಳದ ಆರೋಪ ಕೇಳಿಬಂದು ಪ್ರಕರಣ ನ್ಯಾಯಾಲಯಕ್ಕೆ ಹೋಯಿತು.

ಕೈ ಮೊದಲು ಬೀಳುವುದು ಇವರ ಮೇಲೆ

ಹಾಸಿಗೆಯಿಲ್ಲ, ಔಷಧವಿಲ್ಲ, ಸ್ಕ್ಯಾನಿಂಗ್ ಯಂತ್ರ ಕೆಟ್ಟಿದೆ ಎಂಬ ಸಿಟ್ಟನ್ನು ಜನ ತೀರಿಸಿಕೊಳ್ಳುವುದು ಎದುರಿಗೆ ನಿಂತ ವೈದ್ಯರ ಮೇಲೆ. ಎದುರಿಗೆ ನಿಂತವರು ಯಾವಾಗಲೂ ಕಿರಿಯರೇ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಕೆಲವರ ದೃಷ್ಟಿಗೆ ಹಾನಿಯಾದ ಪ್ರಕರಣದಲ್ಲಿ, 2019ರ ನವೆಂಬರ್‌ನಲ್ಲಿ ಸಂಘಟನೆಯೊಂದರ ಕಾರ್ಯಕರ್ತರು ಒಳನುಗ್ಗಿದಾಗ ಏಟು ತಿಂದವರೂ ಕಿರಿಯ ವೈದ್ಯರೇ, ಆಮೇಲೆ ಮುಷ್ಕರ ಹೂಡಿದವರೂ ಅವರೇ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ಪೊಲೀಸರು ಕರೆತಂದ ವ್ಯಕ್ತಿಯ ಇರಿತಕ್ಕೆ ಹೌಸ್ ಸರ್ಜನ್ ಒಬ್ಬರು ಬಲಿಯಾದರು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಕೊಠಡಿಗೆ ಹೋಗಿದ್ದ ಪಿ.ಜಿ. ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲ್ಲಲಾಯಿತು. ರಾತ್ರಿ ಡ್ಯೂಟಿಯ ಹೆಣ್ಣುಮಗಳಿಗೆ ಬೀಗ ಹಾಕಿಕೊಳ್ಳಬಹುದಾದ ಒಂದು ಕೋಣೆ, ಪಕ್ಕದಲ್ಲೊಂದು ಶೌಚಾಲಯ ಕೊಡುವುದೂ ನೂರಾರು ಕೋಟಿಯ ಆಸ್ಪತ್ರೆಗಳಿಗೆ ಆಗಿರಲಿಲ್ಲ ಎಂಬುದನ್ನು ಆ ಘಟನೆ ದೇಶದ ಮುಂದೆ ಇಟ್ಟಿತು. ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ನೇಮಿಸಿ, ಸುರಕ್ಷತೆಯ ಜತೆಗೆ ಗೌರವಯುತ ಕೆಲಸದ ಸ್ಥಿತಿಯನ್ನೂ ಪರಿಶೀಲಿಸಲು ಹೇಳಿತು. ಕರ್ನಾಟಕದಲ್ಲಿ ವೈದ್ಯರ ಮೇಲಿನ ಹಲ್ಲೆಗೆ ಶಿಕ್ಷೆ ವಿಧಿಸುವ ಕಾಯ್ದೆ 2009ರಿಂದಲೇ ಇದೆ. ಆದರೆ ದೂರು ಕೊಡಬೇಕಾದವರು ಪಾಳಿ ಮುಗಿಸಿ ಠಾಣೆಗೆ ಅಲೆಯಬೇಕಾದ ಕಿರಿಯರೇ ಆಗಿದ್ದರೆ ಕಾಯ್ದೆ ಕಡತದಲ್ಲೇ ಉಳಿಯುತ್ತದೆ. ದೂರು ದಾಖಲಿಸುವ ಹೊಣೆಯನ್ನು ಸಂಸ್ಥೆಯೇ ಹೊರಬೇಕು.

ಬೇರೆ ದೇಶಗಳು ಕಲಿತ ಪಾಠ

ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬ್ಬಿ ಝಿಯಾನ್ ಎಂಬ 18ರ ಯುವತಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆಕೆಯನ್ನು ನೋಡಿಕೊಂಡವರು ದಣಿದ ಕಿರಿಯ ವೈದ್ಯರೆಂದು ತಂದೆ ಹೋರಾಡಿದ ಫಲವಾಗಿ ಆ ರಾಜ್ಯ 1989ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಅಮೆರಿಕದುದ್ದಕ್ಕೂ ಅದು ಜಾರಿಯಾಯಿತು. ಬ್ರಿಟನ್ನಿನಲ್ಲಿ ಯುರೋಪಿನ ನಿಯಮದಂತೆ 2009ರಿಂದ ಸರಾಸರಿ ವಾರಕ್ಕೆ 48 ಗಂಟೆ. ದಕ್ಷಿಣ ಕೊರಿಯಾದಲ್ಲಿ 80 ಗಂಟೆಯ ಮಿತಿಯಿದ್ದರೂ, 2024ರ ಫೆಬ್ರುವರಿಯಲ್ಲಿ ಸರ್ಕಾರದ ಸೀಟು ಹೆಚ್ಚಳವನ್ನು ವಿರೋಧಿಸಿ ಸಾವಿರಾರು ತರಬೇತಿ ವೈದ್ಯರು ಹೊರನಡೆದಾಗ ದೊಡ್ಡ ಆಸ್ಪತ್ರೆಗಳು ತತ್ತರಿಸಿದವು. ಅಗ್ಗದ ಕೈಗಳನ್ನೇ ನೆಚ್ಚಿ ಆಸ್ಪತ್ರೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ.

ಹಿರಿಯ ವೈದ್ಯರ ಆಕ್ಷೇಪವನ್ನೂ ಗೌರವದಿಂದ ಕೇಳಬೇಕು. ರೋಗ ರಾತ್ರಿಯಿಡೀ ಹೇಗೆ ಬದಲಾಗುತ್ತದೆಂದು ಕಣ್ಣಾರೆ ನೋಡದೆ ವೈದ್ಯ ತಯಾರಾಗುವುದಿಲ್ಲ, ಪಾಳಿ ಬದಲಾದಷ್ಟೂ ರೋಗಿಯ ವಿವರ ಕೈತಪ್ಪುತ್ತದೆ ಎನ್ನುತ್ತಾರೆ ಅವರು. ಇದರಲ್ಲಿ ಹುರುಳಿದೆ. ಅಮೆರಿಕದಲ್ಲಿ 2016 ಮತ್ತು 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, 80 ಗಂಟೆಯ ಮಿತಿಯೊಳಗೇ ಒಂದೊಂದು ಪಾಳಿ ಸ್ವಲ್ಪ ಉದ್ದವಾಗಿದ್ದರೂ ರೋಗಿಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈಬದಲಾವಣೆಯ ತೊಂದರೆಗೂ ಮದ್ದಿದೆ. ಪಾಳಿ ಒಪ್ಪಿಸುವಾಗ ನಿಗದಿತ ಕ್ರಮದಲ್ಲಿ ಬರೆದು ಹೇಳುವ ಪದ್ಧತಿ ಕಲಿಸಿದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವೆಂದು 2014ರ ಅಧ್ಯಯನ ಹೇಳಿತು. ಆದರೆ ಈ ಚರ್ಚೆಯೆಲ್ಲ ನಡೆಯುತ್ತಿರುವುದು 80 ಗಂಟೆಯ ಒಳಗೆ. ನಮ್ಮಲ್ಲಿ ಪಾಲನೆಯಾಗುವ ಗೆರೆಯನ್ನೇ ಇನ್ನೂ ಎಳೆದಿಲ್ಲ. ಸ್ಟ್ರೆಚರ್ ತಳ್ಳುವುದರಲ್ಲಿ, ಅರ್ಜಿ ತುಂಬುವುದರಲ್ಲಿ ಕಲಿಕೆಯೂ ಇಲ್ಲ.

ಬ್ರಿಟನ್ನಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಅದರ 48ಕ್ಕಿಂತ ಹೆಚ್ಚಾಗಿ ಅಲ್ಲಿನ ಲೆಕ್ಕದ ಕ್ರಮ. ಇಂಗ್ಲೆಂಡಿನ ಕಿರಿಯ ವೈದ್ಯರ 2016ರ ಒಪ್ಪಂದದ ಪ್ರಕಾರ ಪ್ರತಿ ಆಸ್ಪತ್ರೆ ಸಂಸ್ಥೆಯಲ್ಲಿ ಕೆಲಸದ ಹೊತ್ತನ್ನು ಕಾಯುವ ಅಧಿಕಾರಿಯೊಬ್ಬರು ಇರಬೇಕು. ಪಟ್ಟಿಯಲ್ಲಿದ್ದುದಕ್ಕಿಂತ ಹೆಚ್ಚು ಹೊತ್ತು ದುಡಿದ ವೈದ್ಯರು ವರದಿ ಸಲ್ಲಿಸುತ್ತಾರೆ. ಮಿತಿ ಮೀರಿದ್ದರೆ ಸಂಬಂಧಪಟ್ಟ ವಿಭಾಗಕ್ಕೆ ದಂಡ ಬೀಳುತ್ತದೆ. ಅಲ್ಲಿಯೂ ಎಲ್ಲ ಸರಿಯಿಲ್ಲ, ಸಂಬಳಕ್ಕಾಗಿ 2023 ಮತ್ತು 2024ರಲ್ಲಿ ಸಾಲುಸಾಲು ಮುಷ್ಕರ ನಡೆದು ಎರಡು ವರ್ಷಕ್ಕೆ ಸೇರಿ ಸರಾಸರಿ ಶೇ 22ರ ಏರಿಕೆಗೆ ಒಪ್ಪಂದವಾಯಿತು. ಆದರೂ ಹೆಚ್ಚುವರಿ ಗಂಟೆಗೆ ಅಲ್ಲಿ ದಾಖಲೆಯಿದೆ, ಉತ್ತರ ಕೊಡಬೇಕಾದವರು ಇದ್ದಾರೆ.

ಆಗಬೇಕಾದದ್ದು

ನಮ್ಮಲ್ಲಿ ಬೋಧಕರ ಹಾಜರಾತಿಗೆ ಆಧಾರ್ ಆಧಾರಿತ ವ್ಯವಸ್ಥೆಯಿದೆ. ಪಿ.ಜಿ.ಗಳಿಗೆ ಶೇ 80ರ ಹಾಜರಾತಿ ಕಡ್ಡಾಯ. ಬಾರದೇ ಇದ್ದವರನ್ನು ಹಿಡಿಯುವ ಏರ್ಪಾಡು ಸಿದ್ಧವಿರುವಾಗ, ಮನೆಗೆ ಹೋಗದೇ ಉಳಿದವರ ಲೆಕ್ಕ ಹಿಡಿಯಲು ಅದೇ ವ್ಯವಸ್ಥೆ ಸಾಕು. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ದಾಖಲಿಸಿ ವಿಭಾಗವಾರು ಸರಾಸರಿಯನ್ನು ಪ್ರತಿ ತಿಂಗಳು ಪ್ರಕಟಿಸಬೇಕು. ಸತತ ಪಾಳಿ 24 ಗಂಟೆ ದಾಟಬಾರದು, ವಾರದ ದುಡಿಮೆ 74 ದಾಟಬಾರದು. ಇದನ್ನು ಶಿಫಾರಸಿನಿಂದ ನಿಯಮಕ್ಕೆ ಏರಿಸಿ, ಮೀರಿದ ವಿಭಾಗದ ಪಿ.ಜಿ. ಸೀಟುಗಳ ನವೀಕರಣಕ್ಕೆ ಅದನ್ನು ಜೋಡಿಸಿದರೆ ಯಾವ ಎಚ್.ಒ.ಡಿ.ಯೂ ಕಡೆಗಣಿಸಲಾರರು. 1992ರ 48ರ ಕಡೆಗೆ ಹೋಗುವ ದಾರಿಯಲ್ಲಿ ಇದು ಮೊದಲ ಹೆಜ್ಜೆ ಮಾತ್ರ.

ಶಿಷ್ಯವೇತನವನ್ನು ರಾಜ್ಯದ ತುಟ್ಟಿಭತ್ಯೆಗೆ ಜೋಡಿಸಿ, ತಿಂಗಳ ನಿಗದಿತ ದಿನ ಖಾತೆಗೆ ಹಾಕಬೇಕು. ತಡವಾದರೆ ಬಡ್ಡಿ ಸೇರಿಸಬೇಕು. ದೂರು ಕೇಳುವ ಸಮಿತಿಯಲ್ಲಿ ಬೇರೆ ವಿಭಾಗದ, ಬೇರೆ ಕಾಲೇಜಿನ ಸದಸ್ಯರು ಇರಬೇಕು. ಡ್ಯೂಟಿ ರೂಂ, ಶೌಚಾಲಯ, ರಾತ್ರಿ ಊಟ, ಕಾವಲು ಇಲ್ಲದ ವಿಭಾಗಕ್ಕೆ ಹೊಸ ಸೀಟು ಕೊಡಬಾರದು. ಇವೆಲ್ಲಕ್ಕೂ ಅಡಿಪಾಯವಾಗಿ ನರ್ಸ್, ಅಟೆಂಡರ್, ವೈದ್ಯಾಧಿಕಾರಿಗಳ ಖಾಲಿ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಬೇಕು. 2014ರಲ್ಲಿ ಸುಮಾರು 51 ಸಾವಿರವಿದ್ದ ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಹತ್ತೇ ವರ್ಷದಲ್ಲಿ ಲಕ್ಷ ದಾಟಿವೆ. ಸೀಟು ಹೆಚ್ಚಿಸುವ ಉತ್ಸಾಹದ ಅರ್ಧದಷ್ಟಾದರೂ ಆ ಸೀಟಿನಲ್ಲಿ ಕೂತವರ ಬಾಳಿನ ಬಗ್ಗೆ ಇದ್ದಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗುವ ಪ್ರತಿ ಕುಟುಂಬಕ್ಕೂ ಈ ಬೇಡಿಕೆಯಲ್ಲಿ ಪಾಲಿದೆ. ನಿದ್ದೆ ಮಾಡಿ ಎದ್ದ ವೈದ್ಯರ ಕೈಯಲ್ಲಿ ಚಿಕಿತ್ಸೆ ಪಡೆಯುವುದು ಬಡವರ ಹಕ್ಕೂ ಹೌದು. ಮುಂದಿನ ಸಲ ಕಿರಿಯ ವೈದ್ಯರು ಫಲಕ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ನಿಂತಾಗ, ರೋಗಿಗಳನ್ನು ಬಿಟ್ಟು ಬಂದರೆಂದು ದೂರುವ ಮೊದಲು ನಮ್ಮ ಶಾಸಕರನ್ನು ಒಂದು ಪ್ರಶ್ನೆ ಕೇಳೋಣ: ಇವರು ಕಳೆದ ವಾರ ಎಷ್ಟು ಗಂಟೆ ದುಡಿದರೆಂಬ ಲೆಕ್ಕ ಸರ್ಕಾರದ ಬಳಿ ಇದೆಯೇ? ಇದೆ ಎಂಬ ಉತ್ತರ ಬರುವವರೆಗೂ ಕೇಳುತ್ತಲೇ ಇರೋಣ.